ಒಳ್ಳೆಯ ಸುದ್ದಿ ತಂದವನ ಮೇಲಿನ ದೂರು

೨೦೦೮ರ ಜೂನ್ ಒಂಬತ್ತು, ಸೋಮವಾರ ಬೆಳಿಗ್ಗೆ ಕರಾಕೋಲ್ ಪಟ್ಟಣದ ಠಾಣೆಗೆ ಉಮ್ಸುನೈ ಎಂಬ ಐವತ್ತರ ಹೆಂಗಸು ಬಂದು, ತನ್ನ ಅತಿಥಿಗೃಹದ ಹೆಸರು ಕಳುವಾಗಿದೆಯೆಂದು ದೂರು ಕೊಟ್ಟಳು. ಸಾರ್ಜೆಂಟ್ ಮೆದೆರ್ ನಮೂನೆ ತುಂಬತೊಡಗಿದ. ಕಳುವಾದ ವಸ್ತುವಿನ ಬಣ್ಣ, ತೂಕ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಬೋರ್ಡ್ ಕಿತ್ಕೊಂಡು ಹೋದ್ರಾ ಅಕ್ಕ?"

"ಬೋರ್ಡಲ್ಲಪ್ಪ, ಇಂಟರ್ನೆಟ್ಟಲ್ಲಿರೋ ಹೆಸರು. ಜರ್ಮನಿಯೋರು ಅದನ್ನ ಹೊಡೆದ್ರೆ ನನ್ನ ಕುದುರೆಗಳು ಕಾಣ್ತಿದ್ವು. ಈಗ ಬೋಳುತಲೆ ಔಷಧಿ ಕಾಣುತ್ತೆ."

ಒಳಗೆ ಅಶ್ಲ್ಯಾನ್-ಫು ಎಂಬ ತಣ್ಣನೆಯ ನೂಡಲ್ಸ್ ಸವಿಯುತ್ತಿದ್ದ ಕ್ಯಾಪ್ಟನ್ ಎಸೆನ್‌ಗುಲ್ ಬಟ್ಟಲು ಹಿಡಿದೇ ಹೊರಬಂದ. ಸೇವೆಯುದ್ದಕ್ಕೂ ಅವನು ಹಿಡಿದದ್ದು ಕುರಿಗಳ್ಳರನ್ನು. ಕದ್ದ ಕುರಿ ಎಲ್ಲಿದ್ದರೂ ಒಮ್ಮೆಯಾದರೂ ಅರಚುತ್ತದೆ ಎಂಬುದೇ ಅವನ ತನಿಖಾಶಾಸ್ತ್ರದ ಅಡಿಪಾಯ.

ಚಳಿಗಾಲದಲ್ಲಿ ಆಕೆ ಆ ಹೆಸರಿನ ವಾರ್ಷಿಕ ಶುಲ್ಕ ಕಟ್ಟಲು ಮರೆತಿದ್ದಳು. ಹೋದ ತಿಂಗಳು ಹೆಸರು ಕೈತಪ್ಪಿತು. ಅಲ್ಲಿಂದ ಪ್ರತಿ ಸಲವೂ ಇದೇ ಕಥೆ: ತೆಗೆದುಕೊಂಡವನು ಐದು ದಿನ ಇಟ್ಟುಕೊಂಡು ಬಿಡುತ್ತಾನೆ. ಆಕೆ ಬ್ಯಾಂಕಿಗೆ ಓಡಿ ದುಡ್ಡು ಕಟ್ಟುವಷ್ಟರಲ್ಲಿ ಇನ್ನೊಬ್ಬ ತೆಗೆದುಕೊಂಡಿರುತ್ತಾನೆ.

"ಜುಲೈಗೆ ಮುಂಚೆ ಸಿಗದಿದ್ರೆ ಕುದುರೆ ಮಾರ್ಬೇಕು ಕ್ಯಾಪ್ಟನ್ನೋರೆ. ಅತಿಥಿಗಳಿಲ್ದೆ ಅವಕ್ಕೆ ಚಳಿಗಾಲದ ಹುಲ್ಲು ಎಲ್ಲಿಂದ ತರ್ಲಿ?"

ಹೆಸರು ನೋಂದಾಯಿಸುವ ಕಚೇರಿ ರಾಜಧಾನಿ ಬಿಷ್ಕೆಕ್‌ನಲ್ಲಿತ್ತು. ಕ್ಯಾಪ್ಟನ್ ಫೋನು ಮಾಡಿದ. ಬುರುಲ್ ಎಂಬ ಗುಮಾಸ್ತೆ ಎತ್ತಿಕೊಂಡಳು.

"ಐದು ದಿನದೊಳಗೆ ವಾಪಸ್ ಕೊಟ್ರೆ ಪೂರ್ತಿ ಹಣ ವಾಪಸ್ ಸಾರ್. ಹೆಸರು ತಪ್ಪಾಗಿ ಬರ್ದಿದ್ರೆ ಪಾಪ ಅಂತ ಮಾಡಿದ ನಿಯಮ."

"ಈತ ತಪ್ಪಾಗಿ ಬರೀತಾನಾ?"

"ಒಂದೇ ದಿನ ಮುನ್ನೂರು ಹೆಸರು ತಪ್ಪಾಗಿ ಬರೀತಾರೆ ಸಾರ್. ಜನ ಬರೋ ಹೆಸರಿನ ಮೇಲೆ ಜಾಹೀರಾತು ಹಾಕಿ ಸಂಪಾದಿಸ್ತಾರೆ, ಐದನೇ ದಿನ ವಾಪಸ್, ಆಮೇಲೆ ಬೇರೆ ಗುರುತಲ್ಲಿ ಮತ್ತೆ ತಗೋತಾರೆ. ಯಾವ ಗುರುತೂ ನಿಜದ್ದಲ್ಲ."

ಕ್ಯಾಪ್ಟನ್‌ಗೆ ಈಗ ಅರ್ಥವಾಯಿತು. ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಒಣ ಏಪ್ರಿಕಾಟಿನ ರುಚಿ ನೋಡುತ್ತಲೇ ಮಧ್ಯಾಹ್ನದ ಊಟ ಮುಗಿಸುವ ಮಹನೀಯರನ್ನು ಅವನು ಬಲ್ಲ.

"ತಡೆಯೋಕೆ ಏನೂ ಮಾಡ್ಲಿಲ್ವೇನಮ್ಮ?"

"ಮಿತಿ ಮೀರಿ ವಾಪಸ್ ಮಾಡೋರಿಗೆ ಹಣ ಕೊಡ್ಬಾರದು ಅಂತ ಮೇಲಿನೋರು ಯೋಚಿಸ್ತಿದಾರೆ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು ಸಾರ್."

ಮೆದೆರ್ ಕಾನೂನಿನ ಪುಸ್ತಕ ತಿರುವಿಹಾಕಿದ. ದುಡ್ಡು ಕೊಟ್ಟು ತೆಗೆದುಕೊಂಡು, ನಿಯಮದಂತೆ ಹಿಂದಿರುಗಿಸಿದವನನ್ನು ಯಾವ ಕಲಮಿನಡಿ ಹಿಡಿಯುವುದು? ಕ್ಯಾಪ್ಟನ್ ಉಮ್ಸುನೈ ಕಡೆ ತಿರುಗಿದ.

"ಹೆಸರು ಖಾಲಿಯಾದದ್ದು ನಿಮಗೆ ಯಾರು ಹೇಳ್ತಾರೆ?"

"ತಲಾಯ್. ಇಂಟರ್ನೆಟ್ ಅಂಗಡೀಲಿ ಕೆಲಸ ಮಾಡ್ತಾನಲ್ಲ, ಬಂಗಾರದಂಥ ಹುಡುಗ. ಪ್ರತಿ ಸಲ ಓಡ್ಬಂದು ಗೇಟಲ್ಲೇ 'ಸುಯುಂಚು' ಅಂತ ಕೂಗ್ತಾನೆ."

ಮೆದೆರ್ ತಲೆಯೆತ್ತಿದ. ಸುಯುಂಚು ಎಂದು ಕೂಗಿದವನಿಗೆ ಶುಭಸುದ್ದಿಯ ಉಡುಗೊರೆ ಕೊಡಲೇಬೇಕೆಂಬುದು ಅಲ್ಲಿನ ರೂಢಿ.

"ಏನೇನು ಕೊಟ್ರಿ?"

"ಮೊದಲ ಸಲ ಜೇನು. ಆಮೇಲೆ ಒಂದು ಶಾಲು. ಹೋದ ಸಲ ಒಂದು ಕುರಿಮರಿ."

"ಸುದ್ದಿ ಸುಳ್ಳಾದ್ಮೇಲೂ?"

"ಸುದ್ದಿ ನಿಜಾನೇ, ನಾನೇ ನಿಧಾನ. ಅದಕ್ಕೆ ಅವನನ್ನ ಬರಿಗೈಲಿ ಕಳಿಸೋಕಾಗುತ್ತಾ? ನಾಚಿಕೆಗೇಡು!"

ಮೆದೆರ್ ನೆಮ್ಮದಿಯಿಂದ ಬರೆದುಕೊಂಡ: ಕುರಿಮರಿ, ಕಂದು ಬಣ್ಣ, ಅಂದಾಜು ಹತ್ತು ಕಿಲೋ.

ಕ್ಯಾಪ್ಟನ್ ಬುರುಲ್‌ಗೆ ಮತ್ತೆ ಫೋನು ಮಾಡಿ, ಮುಂದಿನ ಸಲ ಆ ಹೆಸರು ವಾಪಸಾತಿಗೆ ಬಂದರೆ ಅರ್ಜಿಯನ್ನು ಮಂಜೂರು ಮಾಡದೆ ಮೇಜಿನ ಮೇಲೇ ಇಟ್ಟುಕೊಂಡು ತನಗೆ ತಿಳಿಸಬೇಕೆಂದ.

ಗುರುವಾರ ಬೆಳಿಗ್ಗೆ ಅರ್ಜಿ ಬಂತೆಂದು ಬುರುಲ್ ತಿಳಿಸಿದಳು. ಕ್ಯಾಪ್ಟನ್ ಮೆದೆರ್ ಜೊತೆ ಉಮ್ಸುನೈಯ ಅಡುಗೆಮನೆಯಲ್ಲಿ ಕುಳಿತು ಎರಡನೇ ಬಟ್ಟಲು ಚಹಾ ಮುಗಿಸುತ್ತಿದ್ದಾಗ ಗೇಟು ಕಿರುಗುಟ್ಟಿತು.

"ಸುಯುಂಚು, ಅಕ್ಕಾ! ಹೆಸರು ಖಾಲಿಯಾಯ್ತು!"

ಒಳಬಂದ ತಲಾಯ್‌ಗೆ ಮೂವತ್ತು ದಾಟಿತ್ತು. ಹುಡುಗನೆಂಬುದು ಉಮ್ಸುನೈಯ ಪ್ರೀತಿ. ಸಮವಸ್ತ್ರ ಕಂಡು ನಗೆ ಅಲ್ಲೇ ನಿಂತಿತು.

ಕ್ಯಾಪ್ಟನ್ ಬಿಷ್ಕೆಕ್‌ಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಹಿಡಿದ.

"ಹೆಸರು ಖಾಲಿಯಾಯ್ತಾ?"

"ಎಲ್ಲಿ ಸಾರ್? ಅರ್ಜಿ ನನ್ನ ಮೇಜಿನ ಮೇಲಿದೆ. ಹೆಸರಿನ್ನೂ ಅವನ ಕೈಲೇ ಇದೆ."

ಕ್ಯಾಪ್ಟನ್ ಫೋನಿಟ್ಟ. "ಖಾಲಿಯಾಗದ ಹೆಸರು ಖಾಲಿಯಾಯ್ತು ಅಂತ ನಂಬೋನು ಒಬ್ಬನೇ, ತಲಾಯ್. ವಾಪಸ್ ಅರ್ಜಿ ಹಾಕಿದೋನು."

ತಲಾಯ್ ಟೋಪಿ ತೆಗೆದ. ಉಮ್ಸುನೈ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹಾಳಾದವನೇ, ನನ್ನ ಕುದುರೆಗಳು ಗೊತ್ತಿದ್ದೂ?" ಎಂದಳು. ಕೈಕೋಳ ಹೊರತೆಗೆದ ಮೆದೆರ್‌ನನ್ನೂ ಬಿಡಲಿಲ್ಲ. "ತಡಿಯಪ್ಪ, ಮನೆಗೆ ಬಂದೋನು ಮೊದಲು ಚಹಾ ಕುಡೀಲಿ."

ಸುಳ್ಳು ಸುದ್ದಿಗೆ ಉಡುಗೊರೆ ಪಡೆದ ವಂಚನೆಗಾಗಿ ಆದ ಬಂಧನದ ವೇಳೆ, ಚಹಾದ ಕಾರಣ, ಅರ್ಧ ಗಂಟೆ ತಡವಾಗಿ ದಾಖಲಾಯಿತು. ಅಂದೇ ಸಂಜೆ ಹೆಸರು ಉಮ್ಸುನೈಯ ಖಾತೆಗೆ ಬಂತು. ಶನಿವಾರ ಮ್ಯೂನಿಕ್‌ನಿಂದ ಆರು ಜನ ಕುದುರೆ ಕಾದಿರಿಸಿದರು. ಪೊಲೀಸರ ಪತ್ರ ತಲುಪಿದ ಮೇಲೆ ಬಿಷ್ಕೆಕ್‌ನ ಮೇಲಿನವರ ಯೋಚನೆಯೂ ಕೊನೆಮುಟ್ಟಿ, ಮಿತಿ ಮೀರಿದ ವಾಪಸಾತಿಗೆ ಹಣವಿಲ್ಲವೆಂಬ ನಿಯಮ ಹೊರಬಿತ್ತು. ಮರುವಾರದಿಂದ ಆ ದೇಶದಲ್ಲಿ ಯಾರೂ ಹೆಸರನ್ನು ತಪ್ಪಾಗಿ ಬರೆಯಲಿಲ್ಲ.

ತಲಾಯ್‌ನ ಕೋಣೆಯ ಪಂಚನಾಮೆಯಲ್ಲಿ ಜೇನಿನ ಶೀಶೆ ಮುಚ್ಚಳ ತೆರೆಯದೆ, ಶಾಲು ಮಡಿಕೆ ಬಿಚ್ಚದೆ ಸಿಕ್ಕವು. ಕುರಿಮರಿ ಸ್ನಾನ ಮಾಡಿಸಿಕೊಂಡು ಮಂಚದ ಪಕ್ಕ ಮಲಗಿತ್ತು.

"ಜಾಹೀರಾತಿನ ದುಡ್ಡು ಬರ್ತಿತ್ತಲ್ಲಯ್ಯ, ಇದೆಲ್ಲ ಯಾಕೆ? ಮಾರೋಕೂ ಹೋಗ್ಲಿಲ್ಲ," ಎಂದ ಕ್ಯಾಪ್ಟನ್.

ತಲಾಯ್ ಕುರಿಮರಿಯ ಬೆನ್ನು ಸವರಿದ.

"ಅಂಗಡೀಲಿ ಎಲ್ರೂ 'ನಾಲ್ಕನೇ ಮಿಷನ್ನು, ಒಂದು ಗಂಟೆ' ಅಂತಾರೆ ಸಾರ್, ನನ್ನ ಮುಖ ನೋಡಲ್ಲ. ನಾನು ಬಂದ್ರೆ ಖುಷಿಪಡೋ ಮನೆ ಅದೊಂದೇ."

ಕ್ಯಾಪ್ಟನ್ ಅದನ್ನು ಹೇಳಿಕೆಯಲ್ಲಿ ಹೇಗೆ ಬರೆಯುವುದೆಂದು ಯೋಚಿಸಿ, ಕೊನೆಗೆ ಅವನು ಹೇಳಿದಂತೆಯೇ ಬರೆದ.