ಕಾರ್ಬ್ಯುರೇಟರಿಗೆ ಸೇಫ್ಟಿ ಪಿನ್ನು

"ಮೆಕ್ಯಾನಿಕ್ ಎಲ್ಲಿ?"

ಹಳೇ ಕಾರಿನಿಂದಿಳಿದವನು ಅವಳ ತಲೆಯ ಮೇಲಿಂದ ಗ್ಯಾರೇಜಿನೊಳಗೆ ಇಣುಕಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಕಣ್ಣೆದುರಿಗೇ ನಿಂತಿದೀನಿ! ಕನ್ನಡಕ ಬೇಕಾ?"

"ಅಯ್ಯೋ... ತಪ್ಪಾಯ್ತು ಮೇಡಂ."

ತಪ್ಪಾಯ್ತು ಅಂದ ಮೊದಲ ಗಿರಾಕಿ! ಟೈಲರ್ ಅಂತೆ, ಅಳತೆ ಟೇಪು ಇನ್ನೂ ಕತ್ತಿನಲ್ಲೇ ಇತ್ತು.

ಅವನ ತಾತನ ಕಾಲದ ಕಾರು ಟಪ್ ಟಪ್ ಎನ್ನುತ್ತಿತ್ತು, ಒಳಗೆಲ್ಲ ಹೊಗೆ. ಎಂಜಿನ್ ತಣ್ಣಗಾದ ಮೇಲೆ ಮತ್ತೆ ಚಾಲೂ ಮಾಡಿ, ಸೈಲೆನ್ಸರ್ ಪೈಪು ಕೂಡುವಲ್ಲಿ ಅವಳು ಸೋಪುನೀರು ಹಾಕಿದಳು. ಬುಳುಬುಳು ಗುಳ್ಳೆ ಎದ್ದವು.

"ಹೊಗೆ ಸೋರ್ತಿದೆ, ಇಲ್ಲಿನ ಗ್ಯಾಸ್ಕೆಟ್ ಹೋಗಿದೆ. ಪೆಡಲ್ ಒತ್ತಿದ್ರೆ ಕಾರ್ಬ್ಯುರೇಟರ್ ಎಳೆಯೋ ಕಡ್ಡೀನೂ ಸವೆದಿದೆ. ಎರಡು ವಾರ ಬೇಕು."

ಎರಡು ವಾರವೂ ಅವನು ಸಂಜೆಸಂಜೆ ಬಂದು ಟಾರ್ಚ್ ಹಿಡಿದ. ಒಂದು ದಿನ ಅವಳ ಕೆಲಸದಂಗಿಯ ಹರಿದ ಜೇಬನ್ನು ಕೇಳದೆಯೇ ಹೊಲಿದುಕೊಟ್ಟ. ಅವಳು ಸಿಡುಕಿದಳು, ಮನಸ್ಸು ಮಾತ್ರ ಸಿಡುಕಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಅಪ್ಪನ ಕಾವಲು. "ಇನ್ನೊಂದು ದೂರು ಬಂದ್ರೆ ಗ್ಯಾರೇಜಿನ ಬೀಗದ ಕೈ ನಿನ್ನ ಚಿಕ್ಕಪ್ಪನಿಗೆ," ಎಂದು ಆಗಲೇ ಹೇಳಿಬಿಟ್ಟಿದ್ದರು.

ಕೊನೆಯ ಸಂಜೆ ಅವನು ಮೆಲ್ಲಗೆ ಅಂದ, "ನಾಳೆಯಿಂದ ಬರೋಕೆ ನೆಪ ಇಲ್ಲ..."

ಅವಳು ದಡಕ್ಕನೆ ಬಾನೆಟ್ ಮುಚ್ಚಿದಳು.

ಮರುದಿನ ಬೆಳಿಗ್ಗೆಯೇ ಕಾರು ವಾಪಸ್! ಬಾನೆಟ್ ಎತ್ತಿದರೆ, ತಾನು ಕೂರಿಸಿದ್ದ ಕಡ್ಡಿಯ ತುದಿಗೆ... ಸೇಫ್ಟಿ ಪಿನ್ನು!

"ಯಾರ ಕೈಲಿ ಮಾಡಿಸಿದ್ರಿ? ಒಂದೇ ದಿನಕ್ಕೆ ನನ್ನ ಮೇಲೆ ನಂಬಿಕೆ ಹೋಯ್ತಾ? ಯಾವ ಮುಠ್ಠಾಳನ ಕೆಲಸ ಇದು!"

"ಆ ಮುಠ್ಠಾಳ ನಾನೇ. ಮೆಲ್ಲಗೆ ಮಾತಾಡಿ..."

"ಯಾಕ್ರೀ ಮೆಲ್ಲಗೆ?"

ಅವನು ಅಪ್ಪನ ಕಡೆ ನೋಡಿ ಪಿಸುಗುಟ್ಟಿದ. "ಅಲ್ಲಿ ಕಡ್ಡಿ ಹಿಡಿಯೋ ಕ್ಲಿಪ್ ಇರಲಿಲ್ಲ."

ಅವಳ ಕೈ ಜೇಬಿಗೆ ಹೋಯಿತು. ಅವನು ಹೊಲಿದ ಜೇಬಿನಲ್ಲೇ ಕ್ಲಿಪ್ ಭದ್ರವಾಗಿತ್ತು! ನಡುರಸ್ತೆಯಲ್ಲಿ ಕಡ್ಡಿ ಕಳಚಿ, ಹಿಂದೆ ಬಸ್ಸುಗಳು ಹಾರನ್ ಬಾರಿಸುತ್ತಿದ್ದರೂ, ಕಡ್ಡಿಗೆ ಪಿನ್ನು ಸಿಕ್ಕಿಸಿ ಮೂರು ಗ್ಯಾರೇಜು ದಾಟಿ ಇವನು ಇಲ್ಲಿಗೇ ಬಂದಿದ್ದನಂತೆ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ತಪ್ಪು ಮುಚ್ಚಿಡೋಕೆ ನೀವ್ಯಾರು? ಅಪ್ಪಾ! ಕ್ಲಿಪ್ ಹಾಕೋದು ನಾನೇ ಮರೆತೆ. ಬೀಗದ ಕೈ ಬೇಕಾದ್ರೆ ಕಿತ್ಕೋ!"

ಅಪ್ಪ ನಿಧಾನವಾಗಿ ಎದ್ದರು. "ನಾನೂ ಎಷ್ಟೋ ಸಲ ಮರೆತಿದೀನಿ ಕಣೇ. ಹೀಗೆ ಒಪ್ಕೊಂಡಿದ್ದು ಮಾತ್ರ ಒಂದ್ಸಲಾನೂ ಇಲ್ಲ. ಕೀ ನಿನ್ನ ಹತ್ರಾನೇ ಇರ್ಲಿ... ನಾನು ಟೀ ಕುಡ್ಕೊಂಡ್ ಬರ್ತೀನಿ."

ಅವಳು ಕ್ಲಿಪ್ ಹಾಕಿದಳು. ಸರಿಯಾಗಿದೆಯೇ ನೋಡಲು ಒಳಗೊಬ್ಬರು ಪೆಡಲ್ ಒತ್ತಬೇಕು. ಅವನು ಕೂತ.

"ಒತ್ತಿ... ಬಿಡಿ... ಇನ್ನೊಂದ್ಸಲ ಒತ್ತಿ... ಬಿಡಿ."

"ಕ್ಲಿಪ್ ಮರೆತಿದ್ದು ಯಾಕೆ?" ಕಿಟಕಿಯಿಂದ ತಲೆ ಹೊರಗೆ ಬಂತು.

"ನೀವು ನೆಪ ಇಲ್ಲ ಅಂದ್ರಲ್ಲ, ಅದಕ್ಕೇ! ಇನ್ನು ಬರಲ್ಲ ಅನ್ನೋ ಯೋಚನೇಲೇ ಕ್ಲಿಪ್ ಜೇಬಲ್ಲಿ ಉಳಿದುಬಿಡ್ತು! ಸಾಕಾ?" ಅಬ್ಬರಿಸಿದವಳ ಕಣ್ಣು ತುಂಬಿ ಬಂದಿತ್ತು.

ಅವನು ಇಳಿದು ಬಂದು ಅವಳ ಕೈ ಹಿಡಿದ.

"ಗ್ರೀಸು... ಬಿಡಿ."

"ಬಿಡಲ್ಲ."