ಹೆಬ್ಬೆರಳಿನಷ್ಟು ದಪ್ಪ

ಅಕ್ಬರ್ ಪಾಷಾ ಕೆರೆದಂಡೆಯ ಕೆಸರಿನಲ್ಲಿ ಬೋರಲು ಮಲಗಿ, ದೋಣಿಯ ಸೀಳಿನೊಳಗೆ ಮೊಣಕೈವರೆಗೆ ತೋಳು ತೂರಿಸಿದ್ದರು.

“ಸಿಕ್ತಾ?” ಇನ್‌ಸ್ಪೆಕ್ಟರ್ ಭಾಗ್ಯಶ್ರೀ ಟಾರ್ಚ್ ಹಿಡಿದು ಬಗ್ಗಿದಳು.

“ಏನೋ ಮೆತ್ತಗಿದೆ ಮೇಡಂ. ಸತ್ತ ಹಾವು ಮುಟ್ಟಿದಂಗೆ.”

“ಬದುಕಿರೋ ಹಾವಾಗಿದ್ರೆ?”

“ಆಗಿದ್ರೆ ಇಷ್ಟೊತ್ತಿಗೆ ಎಫ್‌ಐಆರ್ ನನ್ನ ಹೆಸರಲ್ಲಿ ಬರೀತಿದ್ರಿ.”

ಕಿತ್ತು ಹೊರಗೆಳೆದದ್ದು ಹಾವಲ್ಲ, ಲೋಳೆಗಟ್ಟಿದ ಕಪ್ಪು ರಬ್ಬರ್. ಕೆರೆಯ ಹಾಯಿದೋಣಿ ಕ್ಲಬ್ಬಿನ ಕಾವಲುಗಾರ ದಾಸಪ್ಪ ಮತ್ತು ರಸ್ತೆಬದಿಯ ಟೀ ಅಂಗಡಿಯವನು ಪಂಚರಾಗಿ ನಿಂತಿದ್ದರು. ಹೆಡ್ ಕಾನ್‌ಸ್ಟೇಬಲ್ ಪಾಷಾ ಕೈ ಒರೆಸಿಕೊಂಡು ತಮ್ಮ ದುಂಡನೆಯ ಅಕ್ಷರದಲ್ಲಿ ಪಂಚನಾಮೆ ಬರೆದರು: ‘ಗೇಣುದ್ದದ, ಹೆಬ್ಬೆರಳಿನಷ್ಟು ದಪ್ಪದ ಕಪ್ಪು ರಬ್ಬರ್ ಪಟ್ಟಿ ಒಂದು.’ ಭಾಗ್ಯಶ್ರೀ ಸಹಿ ಹಾಕಿದಳು.

“ಒದ್ದೆ ಇದೆ ಮೇಡಂ. ಈಗ್ಲೇ ಸೀಲ್ ಮಾಡಿದ್ರೆ ಬೂಸ್ಟು ಹಿಡಿಯುತ್ತೆ. ಒಣಗ್ಲಿ, ಆಮೇಲೆ ಅರಗು ಹಾಕ್ತೀನಿ.”

“ಆಯ್ತು ಪಾಷಾ ಸಾಹೇಬ್ರೇ.”

ಅಂದು ಫೆಬ್ರುವರಿಯ ಕೊನೆಯ ಭಾನುವಾರ, ಬೆಳಿಗ್ಗೆ ಕೆರೆಯಲ್ಲಿ ಹಾಯಿದೋಣಿಗಳ ರೇಸಿತ್ತು. ದೂರು ಮಧ್ಯಾಹ್ನ ಒಂದೂವರೆಗೆ ಯಲಹಂಕದ ಆಚೆಯ ಆ ಠಾಣೆಗೆ ಬಂದಿತ್ತು. ಕೊಟ್ಟವನು ಸೋಮನಾಥ, ಹೆಬ್ಬಾಳದ ಬಳಿ ಕೊರೆಯುತ್ತಿರುವ ಸುರಂಗದಲ್ಲಿ ಎಂಜಿನಿಯರ್. ಹಣೆಗೆ ಪಟ್ಟಿ ಸುತ್ತಿಕೊಂಡೇ ಬಂದಿದ್ದ. ಅವನದು ಎರಡು ತೆಳು ಒಡಲುಗಳನ್ನು ಅಕ್ಕಪಕ್ಕ ಜೋಡಿಸಿ ನಡುವೆ ಬಲೆ ಬಿಗಿದ ಹಾಯಿದೋಣಿ. ಪ್ರತಿ ಒಡಲಿನಲ್ಲೂ ಒಂದು ಸೀಳು. ಅದರ ಮೂಲಕ ಉದ್ದನೆಯ ಹಲಗೆಯೊಂದು ನೀರಿಗಿಳಿಯುತ್ತದೆ. ಗಾಳಿ ಅಡ್ಡ ಬಂದಾಗ ಹಲಗೆ ಕೆಳಗಿರಬೇಕು. ಗಾಳಿ ಬೆನ್ನಿಗೆ ಬಂದಾಗ, ನೀರು ತೆಳುವಾದಾಗ, ಮೇಲೆಳೆಯಬೇಕು.

“ಬಲಗಡೇದು ಬಂತು. ಎಡಗಡೇದು ಜಪ್ಪಯ್ಯ ಅಂದ್ರೂ ಬರ್ಲಿಲ್ಲ,” ಎಂದಿದ್ದ ಸೋಮನಾಥ. “ಕೆರೆ ಇಳಿದುಬಿಟ್ಟಿದೆ. ಬಂಡೆಗೆ ಹೋಗಿ ಹೊಡೀತು. ನಿಶಾತ್ ಮುಂದಕ್ಕೆ ಹಾರಿ ಬಿದ್ಲು.”

“ನಿಮಗೆ ಆಗದವರು ಯಾರಾದ್ರೂ ಇದಾರಾ?”

“ರೇಸಲ್ಲಿ ಯಾರಿಗೂ ಯಾರೂ ಆಗಲ್ಲ ಮೇಡಂ.”

“ದೋಣಿ ನಿಮ್ಮೊಬ್ಬರದೇನಾ?”

“ಅರ್ಧ ಅಶ್ವತ್ಥಂದು. ನಂಜೊತೆ ಟನೆಲ್‌ನಲ್ಲೇ ಇದಾನೆ. ಈ ಸಲ ಅವನನ್ನ ಹತ್ತಿಸ್ಲಿಲ್ಲ. ತೂಕ ಜಾಸ್ತಿ. ನಿಶಾತ್ ಹಗುರ ಇದಾಳೆ.”

“ಬೇಜಾರು ಮಾಡ್ಕೊಳ್ಲಿಲ್ವಾ?”

“ಅವನಾ? ಗೆದ್ದು ಬಾ ಮಗಾ ಅಂದ.”

ನಿಶಾತ್ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಹುಡುಗಿ. ಆಸ್ಪತ್ರೆಯಲ್ಲಿ ಮುರಿದ ಭುಜಕ್ಕೆ ಪಟ್ಟಿ ಬಿಗಿದು ಮಲಗಿಸಿದ್ದರು. “ಹಲಗೆ ಎಳೆಯೋದು ನನ್ನ ಕೆಲಸ ಮೇಡಂ. ಸೋಮು ಸರ್ ಬೈತಾನೇ ಇದ್ರು. ನಂಗೇ ಶಕ್ತಿ ಸಾಲ್ತಿಲ್ಲ ಅಂದ್ಕೊಂಡೆ,” ಎಂದಳು.

ಗುರುವಾರ ಬೆಳಿಗ್ಗೆ ಸೋಮನಾಥ ಮತ್ತೆ ಬಂದ. ಸಿಕ್ಕ ರಬ್ಬರನ್ನು ಅವನಿನ್ನೂ ನೋಡಿರಲಿಲ್ಲ.

“ದೋಣಿ ತಂದವರು ಯಾರು?” ಭಾಗ್ಯಶ್ರೀ ಕೇಳಿದಳು.

“ನಮ್ಮ ಸೈಟಿನ ಡ್ರೈವರ್ ಉಜೈರ್. ಶನಿವಾರ ಟ್ರೇಲರ್‌ನಲ್ಲಿ ತಂದಿಳಿಸಿದ. ನಿಮ್ಮ ಪಾಷಾ ಅವರ ತಂಗಿ ಮಗನೇ ಅಲ್ವಾ?”

ಭಾಗ್ಯಶ್ರೀಗೆ ಅದು ಗೊತ್ತಿರಲಿಲ್ಲ. ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದಳು. ಸೋಮನಾಥನನ್ನು ಹೊರಗೆ ಕೂರಿಸಿ, ಮುದ್ದೆಮಾಲು ಕೋಣೆಯಿಂದ ಕವರು ತರಿಸಿದಳು. ಪಾಷಾ ತಂದು ಮೇಜಿನ ಮೇಲೆ ಬಿಚ್ಚಿದರು.

ಒಳಗಿದ್ದದ್ದು ಬೇರೆಯೇ ರಬ್ಬರು. ಕಪ್ಪಗೇನೋ ಇತ್ತು. ಆದರೆ ಒಣಕಲು, ಚಪ್ಪಟೆ, ಪೆನ್ಸಿಲಿಗಿಂತ ತೆಳ್ಳಗೆ. ಗೇಣುದ್ದವೂ ಇರಲಿಲ್ಲ.

“ಇದಲ್ಲ,” ಎಂದಳು.

“ಇದೇ ಮೇಡಂ. ನಾನೇ ಇಟ್ಟಿದ್ದು.”

“ಹೆಬ್ಬೆರಳಿನಷ್ಟು ದಪ್ಪ ಅಂತ ಬರೆದಿದ್ದೂ ನೀವೇ. ನಿಮ್ಮ ಹೆಬ್ಬೆರಳು ತೋರ್ಸಿ.”

ಅವರು ತೋರಿಸಲಿಲ್ಲ. ಪಟ್ಟಿಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಸೀಲ್ ಆಮೇಲೆ ಹಾಕೋಣ ಎಂದದ್ದು ಯಾರು? ಈ ಮನುಷ್ಯನೇ. ಕೋಣೆಯ ಕೀ ಯಾರ ಬಳಿ? ಈ ಮನುಷ್ಯನ ಸೊಂಟದಲ್ಲೇ. ಭಾಗ್ಯಶ್ರೀಗೆ ಮೂರು ವರ್ಷಗಳ ಒಡನಾಟ ಒಂದೇ ಏಟಿಗೆ ಅಪರಿಚಿತವಾಯಿತು. ಯಾವ ಬಂದೋಬಸ್ತಿನಲ್ಲೂ ಅವಳು ಊಟ ಮಾಡಿದ ಮೇಲೆಯೇ ತಮ್ಮ ಡಬ್ಬಿ ತೆರೆಯುತ್ತಿದ್ದವರು ಇವರು. ಆ ಮರ್ಯಾದೆಯ ಮೇಲೂ ಈಗ ಅನುಮಾನ ಬಂತು.

“ಉಜೈರ್ ನಿಮ್ಮ ತಂಗಿ ಮಗ ಅಂತ ಯಾಕೆ ಹೇಳ್ಲಿಲ್ಲ?”

“ಅವನು ಶನಿವಾರ ಮಧ್ಯಾಹ್ನವೇ ದೋಣಿ ಇಳಿಸಿ ಹೋಗಿದ್ದ. ಹೇಳೋ ಅಗತ್ಯ ಕಾಣ್ಲಿಲ್ಲ.”

“ನಿಮಗೆ ಕಾಣ್ಲಿಲ್ಲ! ಮಾಲು ಬದಲಾಗಿದೆ ಪಾಷಾ. ಕೋರ್ಟಲ್ಲಿ ನಾನೇನು ಹೇಳ್ಬೇಕು?”

ಸಾಹೇಬ್ರೇ ಎಂಬುದು ಬಿದ್ದುಹೋಗಿತ್ತು. ಇಬ್ಬರಿಗೂ ಅದು ಕೇಳಿಸಿತು.

“ಒಂದು ಮಾತು ಕೇಳಿ ಮೇಡಂ...”

“ಇಲಾಖಾ ವಿಚಾರಣೆಯಲ್ಲಿ ಹೇಳಿ. ಕೀ ಕೊಡಿ.”

ಕೀಗೆ ಕಟ್ಟಿದ ಕಪ್ಪು ದಾರ ಬಳಸಿ ಬಳಸಿ ಕಂದಾಗಿತ್ತು. ಪಾಷಾ ಗಂಟು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಭಾಗ್ಯಶ್ರೀ ಎಸಿಪಿಗೆ ವರದಿ ಕಳಿಸಿದಳು. ಮಾಲು ಬದಲಿಸಿದ್ದು ರುಜುವಾತಾದರೆ ಅಮಾನತು, ಬಳಿಕ ವಜಾ. ಅಲ್ಲಿಯವರೆಗೆ ಪಾಷಾಗೆ ಗೇಟಿನ ಕಾವಲು. ಸಂಜೆಗಾಗಲೇ ಠಾಣೆಯ ರೈಟರ್ ಪಾಷಾರನ್ನು ಕಂಡರೆ ಬೀರುವಿಗೆ ಬೀಗ ಹಾಕಲು ಶುರುಮಾಡಿದ್ದ.

ಶುಕ್ರವಾರ ಬೆಳಿಗ್ಗೆ ಅವಳು ಉಜೈರ್‌ನನ್ನು ಹುಡುಕಿಕೊಂಡು ಸುರಂಗದ ಸೈಟಿಗೆ ಹೋದಳು. ಹೆಲ್ಮೆಟ್ ಕೊಟ್ಟು ಒಳಗೆ ಕರೆದೊಯ್ದವನು ದಪ್ಪ ಮೈಯ, ಮೆಲುಮಾತಿನ ಅಶ್ವತ್ಥ್. ಸುರಂಗಕ್ಕೆ ಇಳಿಯುವ ಬಾವಿಯ ಪಕ್ಕ ಬಾಗಿದ ಕಾಂಕ್ರೀಟು ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಕೊರೆದಂತೆಲ್ಲ ಇವನ್ನೇ ಬಳೆಯ ಹಾಗೆ ಜೋಡಿಸಿ ಸುರಂಗದ ಗೋಡೆ ಕಟ್ಟುತ್ತಾರೆ. ಅಂಚಿನಲ್ಲಿ ಕಪ್ಪು ಪಟ್ಟಿ ಅಂಟಿಸಿತ್ತು. ಒಂದು ಪಟ್ಟಿ ಕಿತ್ತುಬಂದು ಅದರ ತುದಿ ನೀರು ನಿಂತ ಹೊಂಡಕ್ಕೆ ಬಿದ್ದಿತ್ತು. ಭಾಗ್ಯಶ್ರೀ ಎತ್ತಿಕೊಂಡಳು. ಕೈಯಲ್ಲಿದ್ದ ತುದಿ ಒಣಕಲು, ಚಪ್ಪಟೆ. ನೀರಿನಿಂದ ಎದ್ದ ತುದಿ ಲೋಳೆಗಟ್ಟಿ ಉಬ್ಬಿತ್ತು.

“ಇದೇನ್ರೀ?”

“ಸಂದಿಯಲ್ಲಿ ನೀರು ಸೋರದ ಹಾಗೆ ಅಂಟಿಸ್ತೀವಿ.”

“ಒಂದು ಕಡೆ ಸಣ್ಣ, ಇನ್ನೊಂದು ಕಡೆ ಇಷ್ಟು ದಪ್ಪ?”

ಮೇಲೆ ಕ್ರೇನ್ ಹಾರ್ನ್ ಹೊಡೆಯಿತು. ಅದು ನಿಲ್ಲುವವರೆಗೂ ಅಶ್ವತ್ಥ್ ಕಾದ.

“ನೀರು ಕುಡಿದ್ರೆ ಊದ್ಕೊಳತ್ತೆ. ಒಂದು ರಾತ್ರಿ ಬೇಕು.”

“ಒಣಗಿದ್ರೆ?”

“ಕುಗ್ಗತ್ತೆ.”

ಅವಳು ಮುಂದೆ ಏನೂ ಕೇಳಲಿಲ್ಲ. ಅವನೂ ಯಾಕೆ ಎಂದು ಕೇಳಲಿಲ್ಲ. ಅದೇ ಅವಳನ್ನು ಕಾಡಿತು. ಪೊಲೀಸಿನವಳು ರಬ್ಬರಿನ ಬಗ್ಗೆ ಕೇಳಿದರೆ ಯಾರಾದರೂ ಯಾಕೆ ಎನ್ನುತ್ತಾರೆ.

ಠಾಣೆಗೆ ಮರಳಿ, ಪಂಚರ ಎದುರು ಮುದ್ದೆಮಾಲಿನ ಪಟ್ಟಿಯನ್ನು ಸ್ಟೀಲ್ ಚೊಂಬಿನ ನೀರಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಅರಗು ಹಾಕಿಸಿದಳು. ಆಮೇಲೆ ಅನುಮಾನದಿಂದ ಒಬ್ಬೊಬ್ಬರನ್ನೇ ಬಿಡುತ್ತ ಬಂದಳು. ರೇಸಿನ ಹಿಂದಿನ ದಿನ, ಶನಿವಾರ ಸಂಜೆ ಐದರವರೆಗೆ ಎಡ ಹಲಗೆ ಸಲೀಸಾಗಿ ಆಡುತ್ತಿತ್ತು. ಅದಕ್ಕೆ ಮೇಣ ತೀಡಿ ಕೆಳಗಿಳಿಸಿ, ದೋಣಿಯನ್ನು ರಾತ್ರಿಗೆ ನೀರಿನಲ್ಲೇ ಕಟ್ಟಿದವನು ಸೋಮನಾಥನೇ, ನೋಡಿದವರು ನಾಲ್ಕು ಜನ. ಆ ಹೊತ್ತಿಗೆ ಉಜೈರ್ ಯಶವಂತಪುರದ ಗೋದಾಮಿನಲ್ಲಿ ಸಿಮೆಂಟ್ ತುಂಬಿಸುತ್ತಿದ್ದ. ಗೇಟಿನ ಕ್ಯಾಮೆರಾದಲ್ಲಿ ಕತ್ತಲಾಗುವವರೆಗೂ ಅವನ ಲಾರಿ ಕದಲಿರಲಿಲ್ಲ.

ದಾಸಪ್ಪನನ್ನು ಮತ್ತೆ ಕರೆಸಿದಳು.

“ಶನಿವಾರ ಐದರ ಮೇಲೆ ದೋಣಿ ಹತ್ರ ಯಾರು ಬಂದಿದ್ರು?”

“ಅವತ್ತೇ ಏಳಿದ್ನಲ್ಲವ್ವ. ಒರಗ್ನೋರು ಯಾರೂ ಬರ್ಲಿಲ್ಲ.”

“ಒಳಗಿನವರು?”

“ಅಶ್ವತ್ಥಪ್ಪೋರು ಬಂದಿದ್ರು.”

“ಅದನ್ನ ಯಾಕ್ ಹೇಳ್ಲಿಲ್ಲ?”

“ನೀವು ಒರಗ್ನೋರ್ನ ಕೇಳುದ್ರಿ. ಅವ್ರು ಒರಗ್ನೋರಾ? ಅವ್ರುದೇ ಬೋಟು. ಅಲಗೆ ಎತ್ತಿ ಒಳಗೇನೋ ನೋಡ್ತಿದ್ರು, ತಿರ್ಗಾ ಇಳಿಸುದ್ರು. ರಿಪೇರಿ ಅನ್ಕಂಡೆ.”

ಮರುದಿನ, ಶನಿವಾರ ಬೆಳಿಗ್ಗೆ ಪಂಚರ ಎದುರು ಚೊಂಬು ತೆರೆದರು. ಪಟ್ಟಿ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಒಂಬತ್ತೂವರೆಗೆ ಕೆಂಪಾಪುರದ ಬಾಡಿಗೆ ಮನೆಯಲ್ಲಿ ಅಶ್ವತ್ಥ್‌ನನ್ನು ಬಂಧಿಸಿದರು. ಅವನು ಶೂ ಹಾಕಿಕೊಂಡು ತಯಾರಾಗಿಯೇ ಕೂತಿದ್ದ.

“ಸಾಯ್ಲಿ ಅಂತ ಮಾಡಿದ್ರಾ?” ಠಾಣೆಯಲ್ಲಿ ಭಾಗ್ಯಶ್ರೀ ಕೇಳಿದಳು.

“ಸೋಲ್ಲಿ ಅಂತ. ಹಲಗೆ ಕೆಳಗೇ ಇದ್ರೆ ಬೆನ್ನುಗಾಳಿಯಲ್ಲಿ ನಿಧಾನ ಆಗತ್ತೆ, ಅಷ್ಟೇ. ಒಳಗಡೆ ಬಂಡೆಗೆ ತಾಗೋಷ್ಟು ಕೆರೆ ಇಳಿದಿದೆ ಅಂತ ಗೊತ್ತಿರ್ಲಿಲ್ಲ. ಈ ಸಲ ನಾನು ನೀರಿಗೇ ಹೋಗಿರ್ಲಿಲ್ಲವಲ್ಲ ಮೇಡಂ.”

“ಗೆದ್ದು ಬಾ ಅಂದಿದ್ರಂತೆ.”

“ಇನ್ನೇನು ಅನ್ಲಿ? ಎರಡು ವರ್ಷ ಇಬ್ರೂ ಸೇರಿ ಕಟ್ಟಿದ ದೋಣಿ. ಒಂದಿನ ಕೆರೆಗೆ ಹೋದ್ರೆ ನನ್ನ ಲೈಫ್ ಜಾಕೆಟ್ ಆ ಹುಡುಗಿ ಮೈಮೇಲಿದೆ. ಹಾಗೆ ಗೊತ್ತಾಯ್ತು ನಂಗೆ.” ಅವನು ಮೇಜಿನ ಅಂಚು ಸವರಿದ. “ಇಳಿ ಅಂತ ಬಾಯಿಬಿಟ್ಟು ಹೇಳಿದ್ರೆ ಇಳೀತಿದ್ದೆ. ಒಂದು ಮಾತು ಕೇಳ್ಲಿಲ್ಲ.” ಆಮೇಲೆ, “ಆ ಹುಡುಗಿ ಭುಜ ಹೇಗಿದೆ?” ಎಂದ.

ಹೇಳಿಕೆ ಬರೆದು ಮುಗಿದ ಮೇಲೂ ಭಾಗ್ಯಶ್ರೀ ಕೂತೇ ಇದ್ದಳು. ಆಮೇಲೆ ಗೇಟಿನಿಂದ ಪಾಷಾರನ್ನು ಕರೆಸಿದಳು. ಬಿಸಿಲಿಗೆ ಅವರ ಮುಖ ಕಪ್ಪಿಟ್ಟಿತ್ತು. ಬಂದು ಸೆಲ್ಯೂಟ್ ಹೊಡೆದರು. ದಿನಾ ಹೊಡೆಯುತ್ತಿದ್ದ ಅರೆಮನಸ್ಸಿನ ಸೆಲ್ಯೂಟಲ್ಲ, ಪರೇಡಿನದು.

“ಕೂತ್ಕೊಳ್ಳಿ.”

“ಪರ್ವಾಗಿಲ್ಲ ಮೇಡಂ.”

“ವರದಿ ವಾಪಸ್ ತಗೊಂಡಿದೀನಿ. ತಪ್ಪು ನಂದು ಅಂತ ಎಸಿಪಿ ಸಾಹೇಬ್ರಿಗೆ ಬರೆದುಕೊಟ್ಟಿದೀನಿ.”

“ಒಳ್ಳೇದಾಯ್ತು ಮೇಡಂ.”

ಭಾಗ್ಯಶ್ರೀ ಡ್ರಾಯರಿನಿಂದ ಕೀ ತೆಗೆದು ಮೇಜಿನ ಮೇಲೆ ಅವರ ಕಡೆಗೆ ಸರಿಸಿದಳು. ದಾರ ಹೊಸದು, ಅವಳೇ ಕಟ್ಟಿದ್ದಳು.

“ತಗೊಳ್ಳಿ ಪಾಷಾ ಸಾಹೇಬ್ರೇ.”

ಅವರು ಕೀ ನೋಡಿದರು. ಕೈ ಪ್ಯಾಂಟಿನ ಹೊಲಿಗೆಯ ಮೇಲಿಂದ ಅಲುಗಲಿಲ್ಲ.

“ಆರೋಪಿಗೆ ಊಟ ಬಂದಿದೆ. ಕೊಡ್ಲಾ?”

“ಕೊಡಿ. ಕೀ ತಗೊಂಡು ಹೋಗಿ.”

“ಬೇಡ ಮೇಡಂ.”