ಬಂಗಲೆ ಕೇರಿಯ ಹೂವಿನ ಪರದೆ

೧೯೪೬ನೇ ಇಸವಿ ಫೆಬ್ರವರಿ ನಾಲ್ಕರ ಬೆಳಿಗ್ಗೆ ಜವಳಿ ವ್ಯಾಪಾರಿ ಪ್ರೇಮಾನಂದ ಕುಂದಾಪುರ ಠಾಣೆಯ ಮೆಟ್ಟಿಲು ಹತ್ತಿದಾಗಲೇ ಸಬ್ ಇನ್ಸ್‌ಪೆಕ್ಟರ್ ಉಮಾನಾಥರಿಗೆ ತಲೆಬಿಸಿಯಾಯಿತು. ಬೀಜಾಡಿಯ ಬಂಗಲೆ ಕೇರಿಯಿಂದ ತಿಂಗಳೊಳಗೆ ಮೂರನೆಯ ದೂರು! ಚಿನ್ನ ಬೆಳ್ಳಿ ಹೋಗಿದ್ದರೆ ಒಂದು ಮಾತು. ಮೊದಲು ಮೇಜಿನ ಹೊದಿಕೆ, ಆಮೇಲೆ ಹಾಸಿಗೆ ಬಟ್ಟೆ, ಈಗ ಪ್ರೇಮಾನಂದನ ಜಗಲಿ ಬಾಗಿಲಿನ ನೀಲಿ ಹೂವಿನ ಪರದೆ.

"ನಾವ್ ಬಂಗ್ಲೆ ಕಟ್ಟದ್ದ್ ಕಳ್ರಿಗಾ? ಮೇಲಿನವ್ರಿಗೆ ಬರಿತೆ, ಕಾಣಿ."

ಎಫ್‌ಐಆರ್ ಆಯಿತು. ಬಂಗಲೆಯಲ್ಲಿ ಪಂಚನಾಮೆ ಬರೆಯುವಾಗ ಬೀಗ ಹಾಕಿದ ಕೋಣೆಯಿಂದ ಹೊಸ ಬಟ್ಟೆಯ ವಾಸನೆ ಬಂತು. ಸರ್ಕಾರಿ ದರದಲ್ಲಿ ಪಡಿತರಕ್ಕೆ ಬಟ್ಟೆ ಮಾರಬೇಕಾದ ಪ್ರೇಮಾನಂದನ ಅಂಗಡಿಯಲ್ಲೋ ದೀಪಾವಳಿಯಿಂದ 'ಕಂಟ್ರೋಲ್ ಬಟ್ಟೆ ಇಲ್ಲ' ಎಂಬ ಬೋರ್ಡು.

"ಈ ಕೋಣಿ ತೆಗಿನಿ."

"ಕೀಲಿಕೈ ಕಾಣ್ತಿಲ್ಲ."

ಶೋಧನೆಗೆ ಅನುಮತಿ ಕೇಳಿದರೆ ಮೇಲಿನಿಂದ ಉತ್ತರ ಬಂತು: ಮೊದಲು ಕಳ್ಳನನ್ನು ಹಿಡಿಯಿರಿ. ಉಮಾನಾಥರಿಗೆ ಮೈ ಉರಿದುಹೋಯಿತು.

ಕೇರಿಗೆ ಬಂದು ಹೋಗುವವರ ಮೇಲೆ ಕಣ್ಣಿಟ್ಟ ಕಾನ್‌ಸ್ಟೇಬಲ್ ನಾಗ ಒಂದು ಸುದ್ದಿ ತಂದ. "ಮೀನ್ ಮಾರು ಸುಂದರಿ ಬಂದ್ ದಿನ ಸೊಸಿ ವನಜ ಬತ್ತಿಲ್ಲ. ವನಜ ಬಂದ್ರೆ ಸುಂದರಿ ಇಲ್ಲ. ಮೊದ್ಲ್ ಇಬ್ರೂ ಒಟ್ಟಿಗೇ ಬತ್ತಿದ್ರ್."

ಸರಿ, ಒಬ್ಬಳು ಮುಂದೆ ಮೀನು ಮಾರುವುದು, ಇನ್ನೊಬ್ಬಳು ಹಿಂದಿನಿಂದ ಎಗರಿಸುವುದು ಎಂದು ಉಮಾನಾಥರು ಲೆಕ್ಕ ಹಾಕಿದರು. ಇಬ್ಬರಿಗೂ ಬುಲಾವ್ ಹೋಯಿತು.

ಗುರುವಾರ ಸುಂದರಿ ಮಾತ್ರ ಬಂದಳು. ಹಸಿರು ಸೀರೆ, ಸೊಂಟದ ಹತ್ತಿರ ತೇಪೆ.

"ಸೊಸಿ ಎಲ್ಲಿ?"

"ಮನೇಲಿತ್ತ್."

ಶುಕ್ರವಾರ ವನಜ ಒಬ್ಬಳೇ.

"ಅತ್ತೆ ಎಲ್ಲಿ?"

"ಮನೇಲಿದ್ರ್."

"ನಾನೆಂತ ನಿಮ್ಗೆ ಕುಶಾಲಿನ ಜನ ಕಂಡಂಗ್ ಕಾಂತ್ನಾ?" ಎಂದು ಉಮಾನಾಥರು ಮೇಜು ಗುದ್ದಿದರು. ಎದುರು ನಿಂತ ತೇಪೆಯ ಹಸಿರು ಸೀರೆ ಅವರ ಕಣ್ಣಿಗೆ ಬೀಳಲೇ ಇಲ್ಲ.

ಶನಿವಾರ ತಾವೇ ಬೀಜಾಡಿಗೆ ಹೋದರು. ಸುಂದರಿ ಗುಡಿಸಲಿನ ಬಾಗಿಲಿಗೆ ಅಡ್ಡ ನಿಂತಳು.

"ಸೊಸಿನ ಹೊರಗ್ ಕರಿ."

"ಅದ್ ಬಪ್ಕಾತಿಲ್ಲ ಒಡೆಯಾ."

"ಎಂತಕೆ?"

"ನಾನ್ ಹೊರಗಿದ್ನಲೆ. ಸೀರಿ ನನ್ ಮೈ ಮೇಲಿತ್ತ್."

ಅದೇ ಹಸಿರು, ಅದೇ ತೇಪೆ. ನಾಗ ಕಡಲಿನ ಕಡೆ ಮುಖ ತಿರುಗಿಸಿದ. ಬಾಗಿಲ ಸಂದಿಯಲ್ಲಿ ನೀಲಿ ಹೂವು ಕಂಡಿತು.

"ಪರ್ದಿ ತೆಗ್ದದ್ದ್ ನಾನೇ," ಎಂದಳು ಸುಂದರಿ. "ಉಳ್ದದ್ದ್ ಯಾರೋ, ಗೊತ್ತಿಲ್ಲ. ಒಬ್ರ್ ಮೀನ್ ಮಾರುಕ್ ಹೋರೆ ಇನ್ನೊಬ್ರ್ ಹಳಿ ಮೀನ್ ಬಲಿ ಸುತ್ಕಂಡ್ ಕೂಕಣ್ಕ್. ಎಷ್ಟ್ ದಿನ? ಅವ್ರ್ ಬಾಗ್ಲಿಗೇ ವಸ್ತ್ರ ಉಡ್ಸಿರ್, ಒಡೆಯಾ!"

ಉಮಾನಾಥರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪರದೆ ಜಪ್ತಿ ಮಾಡಿದರೆ ವನಜ ಬೆತ್ತಲೆ. ಸೀರೆ ಅವಳಿಗೆ ಬಿಡಿಸಿಕೊಟ್ಟರೆ ಸುಂದರಿ ಠಾಣೆಗೆ ಬರುವುದು ಹೇಗೆ? ಮಾಲು ಬೇಕಾದರೆ ಕಳ್ಳಿಯಿಲ್ಲ, ಕಳ್ಳಿ ಬೇಕಾದರೆ ಮಾಲಿಲ್ಲ. ಯಾವ ಕಾನೂನು ಪುಸ್ತಕದಲ್ಲಿದೆ ಇದಕ್ಕೆ ಮದ್ದು?

ಮದ್ದು ಹೇಳಿದ್ದು ಸುಂದರಿಯೇ. "ಜೈಲಲ್ ಸೀರಿ ಕೊಡ್ತ್ರಂಬ್ರಲೆ, ಹೌದಾ?"

"ಶಿಕ್ಷಿ ಆರೆ ಕೊಡ್ತ್ರ್."

"ಹಾಂಗಾರೆ ಬೇಗ ಕರ್ಕಂಡ್ ಹೋಯ್ನಿ. ಈ ಸೀರಿ ವನಜಂಗ್ ಆತ್ತ್."

ವನಜ ಹಳೆಯ ಬಲೆ ಸುತ್ತಿಕೊಂಡು ಪರದೆಯನ್ನು ಸಂದಿಯಿಂದ ಹೊರಗೆ ಚಾಚಿದಳು. ಜಪ್ತಿಯಾಯಿತು, ದಸ್ತಗಿರಿಯಾಯಿತು. ಸೋಮವಾರ ಮ್ಯಾಜಿಸ್ಟ್ರೇಟರೆದುರು ಸುಂದರಿ ತಪ್ಪೊಪ್ಪಿದಳು. ಒಂದು ತಿಂಗಳ ಸಜೆ. ಪ್ರೇಮಾನಂದ ಪರದೆ ಮೂಸಿ, ಮೀನು ನಾತ ಎಂದು ಕಾರು ಒರೆಸಲು ಕೊಟ್ಟ. ಬಂಗಲೆ ಕೇರಿಯಲ್ಲಿ ಅಪರಾಧ ಇಳಿಯಿತೆಂದು ಮೇಲಿನವರು ಶಾಭಾಸ್ ಬರೆದರು. ಕೋಣೆಯ ಕೀಲಿಕೈ ಮಾತ್ರ ಸಿಗಲಿಲ್ಲ.

ಸುಂದರಿ ಜೈಲಿನ ಸೀರೆ ಉಟ್ಟ ಸಂಜೆಯೇ ನಾಗ ಹಸಿರು ಸೀರೆ ಹಿಡಿದು ಬೀಜಾಡಿಗೆ ಹೋದ. ಬಾಗಿಲಿಗೆ ಬೆನ್ನು ಹಾಕಿ ನಿಂತು, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಕೊಟ್ಟು ಬಂದ.

"ವನಜ ಎಂತ ಹೇಳ್ತ್?" ಉಮಾನಾಥರು ಕೇಳಿದರು.

"ಅತ್ತೆನ ಬಿಡ್ವತ್ತಿಗೆ ಜೈಲಿನ್ ಸೀರಿ ವಾಪಾಸ್ ತಕಂತ್ರಾ ಅಂದ್ ಕೇಣ್ತ್."